ಸಿನಿಮಾ ಮಾಡಿದೋರ ಕೈಗೆ ದುಡ್ಡು ಬರೋ ದಾರಿ: ಕೊಡಗಲ್ಲಿ ಕೂತು ಪ್ರೊಡ್ಯೂಸರ್, ಡಿಸ್ಟ್ರಿಬ್ಯೂಟರ್ ಆಗೋದು ಅಂದ್ರೇನು

ಕೊಡಗಲ್ಲಿ ಹುಟ್ಟಿ ಸಿನಿಮಾ ಶೂಟಿಂಗ್ ನೋಡದೆ ಬೆಳೆದೋರು ಯಾರಿದ್ದಾರೆ ಹೇಳಿ. ರಾಜಾಸೀಟು, ಅಬ್ಬಿ ಫಾಲ್ಸ್, ದುಬಾರೆ, ಮಾಂದಲಪಟ್ಟಿ, ಎಲ್ಲಾದ್ರೂ ಒಂದು ಕಡೆ ಜನರೇಟರ್ ವ್ಯಾನು ನಿಂತೇ ಇರುತ್ತೆ. 2006ರ ಡಿಸೆಂಬರ್ ಕೊನೇಲಿ ರಿಲೀಸ್ ಆದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಓಡಿದ್ಮೇಲಂತೂ ಮಡಿಕೇರಿ ಅಂದ್ರೆ ಮಳೆ, ಮಂಜು, ಲವ್ ಸ್ಟೋರಿ ಅಂತ ಫಿಕ್ಸ್ ಆಗೋಯ್ತು. ನಮ್ಮ ಕಡೆಯಿಂದ ಪ್ರೇಮಾ, ಹರ್ಷಿಕಾ ಪೂಣಚ್ಚ, ರಶ್ಮಿಕಾ ಮಂದಣ್ಣ ಅಂತ ನಟಿಯರ ಹೆಸರು ಹೇಳ್ತಾ ಹೋಗಬಹುದು, ಆದ್ರೆ ಪ್ರೊಡ್ಯೂಸರ್ ಹೆಸರು ಹೇಳಿ ಅಂದ್ರೆ ಜನ ತಲೆ ಕೆರ್ಕೊಳ್ತಾರೆ.

ಹಾಗಂತ ಪ್ರೊಡ್ಯೂಸರ್ ಆಗ್ಬೇಕು ಅನ್ನೋ ಹುಡುಗರು ಕಮ್ಮಿ ಏನಿಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ ಎಲ್ಲ ಕಡೆ ಸಿಗ್ತಾರೆ, ಕೈಯಲ್ಲಿ ಒಂದು ಕಥೆ, ಒಂದು ಶಾರ್ಟ್ ಫಿಲ್ಮ್, ಬೆಂಗಳೂರಲ್ಲಿ ಕೆಲಸ ಮಾಡೋ ಇಬ್ರು ಫ್ರೆಂಡ್ಸು. ಎಲ್ಲರೂ ಮೊದಲು ಕೇಳೋದು ‘ಎಷ್ಟು ಖರ್ಚಾಗುತ್ತೆ’ ಅಂತ. ನನ್ನ ಪ್ರಕಾರ ಮೊದಲು ಕೇಳ್ಬೇಕಾಗಿರೋದು ದುಡ್ಡು ವಾಪಸ್ ಬರೋ ದಾರಿ ಯಾವುದು, ಆ ದಾರೀಲಿ ನನಗಿಂತ ಮುಂಚೆ ಯಾರ್ಯಾರು ನಿಂತಿದ್ದಾರೆ ಅಂತ. ಈ ಎರಡಕ್ಕೆ ಉತ್ತರ ಗೊತ್ತಿದ್ರೆ ಎರಡನೇ ಸಿನಿಮಾ ಮಾಡ್ತೀರಿ, ಗೊತ್ತಿಲ್ದಿದ್ರೆ ಒಂದೇ ಸಿನಿಮಾಗೆ ಮುಗೀತು, ಗಾಂಧಿನಗರದಲ್ಲಿ ಅಂಥೋರು ಎಷ್ಟೋ ಜನ.

ಮೊದಲು ಇಂಡಿಪೆಂಡೆಂಟ್ ಅಂದ್ರೇನು ಅಂತ ನೋಡೋಣ. ಚಿಕ್ಕ ಬಜೆಟ್ಟು ಅಂತ ಅರ್ಥ ಅಲ್ಲ. ದೊಡ್ಡ ಬ್ಯಾನರ್, ಚಾನೆಲ್, ಓಟಿಟಿ ಕಂಪನಿ ಯಾರೂ ಮೊದಲೇ ದುಡ್ಡು ಹಾಕಿಲ್ಲ, ರಿಸ್ಕ್ ಪೂರ್ತಿ ನಿಮ್ಮ ತಲೆ ಮೇಲೆ, ಅದಕ್ಕೆ ಬದಲಾಗಿ ಹಕ್ಕುಗಳು ಪೂರ್ತಿ ನಿಮ್ಮ ಹೆಸರಲ್ಲಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ‘ಕರ್ತೃ’ ಅಂದ್ರೆ ಪ್ರೊಡ್ಯೂಸರ್ರೇ, ಡೈರೆಕ್ಟರ್ ಅಲ್ಲ, ಆ ಹಕ್ಕು ಸಿನಿಮಾ ಹೊರಗೆ ಬಂದ ಮೇಲೆ 60 ವರ್ಷ ಇರುತ್ತೆ. ಡೈರೆಕ್ಟರ್‌ಗಳಿಗೆ ಇದು ಕೇಳಿದ್ರೆ ಬೇಜಾರಾಗುತ್ತೆ, ಆದ್ರೆ ಕಾನೂನು ಇರೋದು ಹಾಗೆ. ಪ್ರೊಡ್ಯೂಸರ್ ಅನ್ನೋ ವೃತ್ತಿ ನಿಂತಿರೋದೇ ಈ 60 ವರ್ಷದ ಮೇಲೆ. ಹಾಡು ಬರೆದವರು, ಸಂಗೀತ ಮಾಡಿದವರಿಗೆ 2012ರ ತಿದ್ದುಪಡಿ ಆದ್ಮೇಲೆ ರಾಯಲ್ಟಿ ಹಕ್ಕು ಗಟ್ಟಿಯಾಗಿದೆ, ಅದನ್ನ ಅಗ್ರಿಮೆಂಟಲ್ಲಿ ಬರೆಸ್ಕೊಂಡು ಕಿತ್ಕೊಳ್ಳೋಕೂ ಆಗಲ್ಲ. ಉಳಿದ ಎಲ್ಲರ ಹತ್ರ, ಅಂದ್ರೆ ಕಥೆಗಾರ, ಆರ್ಟಿಸ್ಟ್, ಕ್ಯಾಮೆರಾಮನ್, ಎಡಿಟರ್, ಶೂಟಿಂಗ್ ಶುರು ಆಗೋ ಮುಂಚೆನೇ ಸೈನ್ ಮಾಡಿಸ್ಕೊಂಡಿರಬೇಕು. ‘ನಮ್ಮ ಹುಡುಗರೇ, ಬಾಯಿಮಾತಲ್ಲಿ ಆಯ್ತು’ ಅನ್ನೋದು ನಮ್ಮ ಕಡೆ ದೊಡ್ಡ ಕಾಯಿಲೆ. ಮೂರು ವರ್ಷ ಆದ್ಮೇಲೆ ಓಟಿಟಿಯೋರು ಕೇಳೋ ಮೊದಲ ಪೇಪರ್ರೇ ಅದು, ಆವಾಗ ಕಥೆಗಾರ ದುಬೈಯಲ್ಲಿರ್ತಾನೆ, ಫೋನ್ ಎತ್ತಲ್ಲ.

ಪ್ರೊಡ್ಯೂಸರ್ ಬೇರೆ, ಲೈನ್ ಪ್ರೊಡ್ಯೂಸರ್ ಬೇರೆ ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಬೇರೆಯವರ ಸಿನಿಮಾಗೆ ಲೊಕೇಶನ್ ಹುಡುಕಿ, ಎಸ್ಟೇಟ್ ಮಾಲೀಕರನ್ನ ಒಪ್ಪಿಸಿ, ಅರಣ್ಯ ಇಲಾಖೆ, ಪೊಲೀಸು, ಪಂಚಾಯ್ತಿ ಪರ್ಮಿಷನ್ ತಂದು, ಹೋಮ್‌ಸ್ಟೇ ಬುಕ್ ಮಾಡಿ, ದಿನದ ಖರ್ಚು ಹಿಡಿತದಲ್ಲಿ ಇಡೋನು ಲೈನ್ ಪ್ರೊಡ್ಯೂಸರ್. ಅವನಿಗೆ ಸಂಬಳ ಇದೆ, ಹಕ್ಕು ಇಲ್ಲ. ಕೊಡಗಿನವರಿಗೆ ಈ ಲೈನಿಗೆ ಬರೋಕೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ ಅಂತ ನಂಗನ್ಸುತ್ತೆ, ಯಾಕಂದ್ರೆ ಬೆಂಗಳೂರಿನೋನಿಗೆ ಯಾವ ತೋಟದ ಗೇಟು ಯಾರ ಹತ್ರ ಕೇಳಿ ತೆಗೆಸ್ಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಭಾಗಮಂಡಲದ ಕಡೆ ಯಾವ ರಸ್ತೆ ಮುಳುಗುತ್ತೆ ಅಂತ ಗೊತ್ತಿರಲ್ಲ. ನಾಲ್ಕೈದು ಸಿನಿಮಾಗೆ ಈ ಕೆಲಸ ಮಾಡಿದ್ರೆ ದುಡ್ಡು ಎಲ್ಲಿ ಸೋರುತ್ತೆ ಅನ್ನೋದು ಬೇರೆಯವರ ಖರ್ಚಲ್ಲಿ ಕಲಿತ ಹಾಗಾಗುತ್ತೆ. ಆನೆ, ನಾಯಿ, ಎತ್ತು ಏನಾದ್ರೂ ಸೀನಲ್ಲಿ ಇದ್ರೆ ಪ್ರಾಣಿ ಕಲ್ಯಾಣ ಮಂಡಳಿ ಒಪ್ಪಿಗೆ ಬೇಕು ಅನ್ನೋ ಥರದ ವಿಷಯಗಳನ್ನೂ ಇಲ್ಲೇ ಕಲಿಯೋದು ಒಳ್ಳೇದು, ಸೆನ್ಸಾರ್ ಟೇಬಲ್ ಮೇಲೆ ಅಲ್ಲ.

ದುಡ್ಡು ಎಲ್ಲಿಂದ ತರೋದು? ಬ್ಯಾಂಕಂತೂ ಹೊಸಬರ ಸಿನಿಮಾಗೆ ಸಾಲ ಕೊಡೋದು ಕನಸಿನ ಮಾತು. ಗಾಂಧಿನಗರದ ಫೈನಾನ್ಷಿಯರ್ ಕೊಡ್ತಾರೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂತ ಸಿಂಪಲ್ಲಾಗಿ ಹೇಳ್ತಾರೆ, ತಿಂಗಳಿಗೆ ಮೂರು ಅಂದ್ರೆ ವರ್ಷಕ್ಕೆ 36 ಆಯ್ತು ಅನ್ನೋದನ್ನ ನೀವೇ ಲೆಕ್ಕ ಹಾಕ್ಕೋಬೇಕು. ಸಿನಿಮಾ ಮುಗಿಯೋಕೆ ಒಂದೂವರೆ ವರ್ಷ, ರಿಲೀಸ್ ಡೇಟ್ ಸಿಗೋಕೆ ಇನ್ನೊಂದು ಆರು ತಿಂಗಳು ಅಂತ ಹಿಡಿದ್ರೂ ಅಸಲಿನ ಮುಕ್ಕಾಲು ಭಾಗ ಬಡ್ಡಿಗೇ ಹೋಯ್ತು. ಮೇಲಾಗಿ ಅವರು ಸಿನಿಮಾದ ಮಾಸ್ಟರ್, ಅಂದ್ರೆ ಮೂಲ ಕಾಪಿ ಮೇಲೆನೇ ಹಿಡಿತ ಇಟ್ಕೊಳ್ತಾರೆ, ಅವರ ಬಾಕಿ ತೀರಿಸಿ ಕ್ಲಿಯರೆನ್ಸ್ ಲೆಟರ್ ತರೋ ತನಕ ರಿಲೀಸ್ ಇಲ್ಲ, ಶುಕ್ರವಾರ ಬೆಳಗ್ಗೆ ಶೋ ಕ್ಯಾನ್ಸಲ್ ಅಂತ ನ್ಯೂಸ್ ಬರುತ್ತಲ್ಲ, ಅದರಲ್ಲಿ ಅರ್ಧ ಈ ಕಥೆನೇ.

ತೋಟ ಅಡ ಇಟ್ಟು ಸಿನಿಮಾ ಮಾಡ್ತೀನಿ ಅನ್ನೋರೂ ಇದ್ದಾರೆ. ದಯವಿಟ್ಟು ಬೇಡ. ಅದೂ ತಲೆತಲಾಂತರದಿಂದ ಬಂದ ಜಮ್ಮಾ ಜಾಗ ಆದ್ರೆ ಅದು ನಿಮ್ಮೊಬ್ಬರದ್ದಲ್ಲ, ಇಡೀ ಒಕ್ಕದ್ದು, ಅಂದ್ರೆ ಮನೆತನದ್ದು, ಮನೆತನದ ಹಿರಿಯರಾದ ಪಟ್ಟೇದಾರರ ಹತ್ರ ಹೋಗಿ ‘ಹೀರೋಯಿನ್ ಅಡ್ವಾನ್ಸ್ ಕೊಡ್ಬೇಕು’ ಅಂತ ಹೇಳಿ ನೋಡಿ ಗೊತ್ತಾಗುತ್ತೆ. ಇದಕ್ಕಿಂತ ಚೆನ್ನಾಗಿರೋದು ಸಣ್ಣ ಸಣ್ಣ ಪಾಲು ಹಾಕೋ ಜನರನ್ನ ಸೇರಿಸೋದು. ಪವನ್ ಕುಮಾರ್ 2013ರ ‘ಲೂಸಿಯಾ’ಗೆ ಜನರಿಂದಲೇ ದುಡ್ಡು ಎತ್ತಿದ್ರು, 2023ರ ‘ಡೇರ್‌ಡೆವಿಲ್ ಮುಸ್ತಾಫಾ’ಗೆ ತೇಜಸ್ವಿ ಓದುಗರೇ ಸೇರಿ ಬಂಡವಾಳ ಹಾಕಿದ್ರು. ದುಡ್ಡು ಹಾಕಿದೋನು ಮೊದಲ ದಿನವೇ ಪ್ರಚಾರಕನೂ ಆಗ್ತಾನೆ, ಅದು ಇದರ ದೊಡ್ಡ ಲಾಭ. ಆದ್ರೆ ವಾಟ್ಸಾಪ್ ಗ್ರೂಪಲ್ಲಿ ‘ಲಾಭ ಗ್ಯಾರಂಟಿ’ ಅಂತ ಹಾಕಿ ಸಿಕ್ಕಸಿಕ್ಕವರ ಹತ್ರ ದುಡ್ಡು ತಗೊಳ್ಳೋದು ಕಾನೂನು ಪ್ರಕಾರ ತೊಂದರೆ. ಪ್ರೈವೇಟ್ ಕಂಪನಿ ಮಾಡಿ ಷೇರು ಕೊಡೋದಾದ್ರೂ ಒಂದು ಹಣಕಾಸು ವರ್ಷಕ್ಕೆ 200 ಜನರ ಮಿತಿ ಇದೆ. ಒಬ್ಬ ಒಳ್ಳೆ ಸಿಎ ಹತ್ರ ಒಂದು ದಿನ ಕೂತ್ಕೊಳ್ಳಿ, ಕ್ಯಾಮೆರಾ ಬಾಡಿಗೆಗಿಂತ ಕಮ್ಮಿ ಖರ್ಚು.

ಸಿನಿಮಾ ಮುಗಿಸೋದು ಹೇಗೆ ಅನ್ನೋದು ಈ ಬರಹದ ವಿಷಯ ಅಲ್ಲ, ಅದನ್ನ ಹಾರಿಸ್ತೀನಿ. ಟೈಟಲ್ಲನ್ನ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ರಿಜಿಸ್ಟರ್ ಮಾಡಿಸೋದನ್ನ ಮೊದಲೇ ಮುಗಿಸಿರಬೇಕು. ಸೆನ್ಸಾರ್ ಅಪ್ಲಿಕೇಶನ್ ಈಗ ಆನ್‌ಲೈನು, ರೀಜನಲ್ ಆಫೀಸ್ ಬೆಂಗಳೂರಲ್ಲಿದೆ. 2023ರ ತಿದ್ದುಪಡಿ ಬಂದ್ಮೇಲೆ ಯುಎ ಅನ್ನೋದು 7, 13, 16 ವರ್ಷ ಅಂತ ಮೂರು ಭಾಗ ಆಗಿದೆ, ಸರ್ಟಿಫಿಕೇಟಿಗೆ ಮುಂಚೆ ಇದ್ದ 10 ವರ್ಷದ ಅವಧಿ ಹೋಗಿ ಶಾಶ್ವತ ಆಗಿದೆ. ಅಪೀಲು ಟ್ರಿಬ್ಯುನಲ್ಲನ್ನ 2021ರಲ್ಲೇ ತೆಗೆದುಹಾಕಿದ್ದಾರೆ, ಹಾಗಾಗಿ ಜಗಳ ಆಡ್ಬೇಕು ಅಂದ್ರೆ ನೇರ ಹೈಕೋರ್ಟು, ಚಿಕ್ಕ ಪ್ರೊಡ್ಯೂಸರ್‌ಗೆ ಅಷ್ಟು ಟೈಮೂ ಇಲ್ಲ ದುಡ್ಡೂ ಇಲ್ಲ, ಹೇಳಿದ ಕಟ್ ಮಾಡಿ ಮುಂದೆ ಹೋಗ್ತಾರೆ. ಒಂದು ವಿಷಯ ಮಾತ್ರ ನೆನಪಿಡಿ, ‘ಎ’ ಸರ್ಟಿಫಿಕೇಟ್ ಬಂದ್ರೆ ಟಿವಿಗೆ ಹಾಗೇ ಹಾಕೋ ಹಾಗಿಲ್ಲ, ಸ್ಯಾಟಲೈಟ್ ರೈಟ್ಸ್, ಅಂದ್ರೆ ಟಿವಿ ಹಕ್ಕಿನ ಬೆಲೆ ಅಲ್ಲೇ ಬಿತ್ತು.

ಈಗ ಡಿಸ್ಟ್ರಿಬ್ಯೂಷನ್‌ಗೆ, ಅಂದ್ರೆ ಸಿನಿಮಾನ ಥಿಯೇಟರುಗಳಿಗೆ ತಲುಪಿಸೋ ಕೆಲಸಕ್ಕೆ ಬರೋಣ, ತಲೆ ಕೆಡೋದು ಇಲ್ಲೇ.

ಕರ್ನಾಟಕವನ್ನ ಸಿನಿಮಾದೋರು ಜಿಲ್ಲೆ ಲೆಕ್ಕದಲ್ಲಿ ನೋಡಲ್ಲ, ಏರಿಯಾ ಲೆಕ್ಕದಲ್ಲಿ ನೋಡ್ತಾರೆ. ಬೆಂಗಳೂರು-ಕೋಲಾರ-ತುಮಕೂರು ಸೇರಿ ಬಿಕೆಟಿ, ಆಮೇಲೆ ಮೈಸೂರು-ಮಂಡ್ಯ-ಹಾಸನದ ಕಡೆ ಒಂದು, ಶಿವಮೊಗ್ಗ-ಚಿತ್ರದುರ್ಗ-ದಾವಣಗೆರೆ ಒಂದು, ಹೈದರಾಬಾದ್ ಕರ್ನಾಟಕ, ಬಾಂಬೆ ಕರ್ನಾಟಕ ಅಂತ ಹಳೇ ಹೆಸರಲ್ಲೇ ಇನ್ನೂ ಕರೀತಾರೆ, ಕರಾವಳಿದು ಬೇರೆ. ಕೊಡಗು ಬರೋದು ಮೈಸೂರಿನ ಏರಿಯಾ ಜೊತೆ, ಬಾಲದ ಥರ. ಇದರಿಂದ ಏನಾಗುತ್ತೆ ಅಂದ್ರೆ ಮಡಿಕೇರೀಲಿ, ಸೋಮವಾರಪೇಟೇಲಿ ಯಾವ ಸಿನಿಮಾ ಎಷ್ಟು ಶೋ ಅನ್ನೋದನ್ನ ತೀರ್ಮಾನ ಮಾಡೋನು ಇಲ್ಲಿ ಇರೋದೇ ಇಲ್ಲ. ಅವನಿಗೆ ವಿರಾಜಪೇಟೆ, ಗೋಣಿಕೊಪ್ಪ ಕಡೆ ಮಲಯಾಳಂ ಸಿನಿಮಾಗೆ ಜನ ಬರ್ತಾರೆ ಅನ್ನೋದು ಗೊತ್ತು, ನಿಮ್ಮ ಸಿನಿಮಾ ಗೊತ್ತಿಲ್ಲ.

ಡಿಸ್ಟ್ರಿಬ್ಯೂಟರ್ ಜೊತೆ ಒಪ್ಪಂದ ಮುಖ್ಯವಾಗಿ ಮೂರು ಥರ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮಗೆ ಬೇರೆ ಪಾಠ ಬೇಡ, ಕರಿಮೆಣಸು ಸಾಕು. ಬಳ್ಳಿಯಲ್ಲಿ ಕಾಯಿ ಇರುವಾಗಲೇ ‘ಇಡೀ ತೋಟದ ಮೆಣಸಿಗೆ ಇಷ್ಟು’ ಅಂತ ಗುತ್ತಿಗೆ ಕೊಟ್ಟು ಕೈ ತೊಳ್ಕೊಂಡ್ರೆ ಅದು ಔಟ್‌ರೈಟ್. ರೇಟ್ ಏರಿದ್ರೂ ಇಳಿದ್ರೂ ನಿಮಗೆ ಸಂಬಂಧ ಇಲ್ಲ. ಎರಡನೇದು ಮಿನಿಮಮ್ ಗ್ಯಾರಂಟಿ, ಎಂಜಿ ಅಂತಾರೆ, ‘ಇಷ್ಟಂತೂ ಕೊಟ್ಟೇ ಕೊಡ್ತೀನಿ, ಕೊಯ್ದು ಮಾರಿದ್ಮೇಲೆ ನನ್ನ ದುಡ್ಡು, ಖರ್ಚು, ಕಮಿಷನ್ ಕಳೆದು ಜಾಸ್ತಿ ಬಂದ್ರೆ ಅದರಲ್ಲೂ ಪಾಲು’ ಅನ್ನೋದು. ಮೂರನೇದು ಕಮಿಷನ್, ಅಂದ್ರೆ ನೀವೇ ಕೊಯ್ದು ಒಣಗಿಸಿ ತಗೊಂಡೋಗಿ ಮಂಡಿಯಲ್ಲಿ ಇಡ್ತೀರಿ, ಮಾರಿಕೊಟ್ಟೋನಿಗೆ ನೂರಕ್ಕೆ ಇಷ್ಟು, ಮಾರಾಟ ಆಗಿಲ್ಲಾಂದ್ರೆ ನಷ್ಟ ನಿಮ್ಮದು. ಹೊಸಬರಿಗೆ ಇವತ್ತು ಸಿಗೋದು ಹೆಚ್ಚುಕಮ್ಮಿ ಮೂರನೇದು ಮಾತ್ರ. ಅದರ ಮೇಲೆ ಪಬ್ಲಿಸಿಟಿ ಖರ್ಚು, ಡಿಜಿಟಲ್ ಚಾರ್ಜು (ಥಿಯೇಟರಿಗೆ ಸಿನಿಮಾ ಫೈಲ್ ಕಳಿಸೋ ಖರ್ಚು), ಥಿಯೇಟರ್ ಬಾಡಿಗೆ ಅಡ್ವಾನ್ಸ್ ಕೂಡ ‘ನೀವೇ ಹಾಕಿ ಸಾರ್, ಕಲೆಕ್ಷನ್‌ನಲ್ಲಿ ಹಿಡ್ಕೊಳ್ಳಿ’ ಅಂತಾರೆ.

ಥಿಯೇಟರಲ್ಲಿ ಒಂದು ಟಿಕೆಟ್ ಹರಿದಾಗ ಏನಾಗುತ್ತೆ ಅಂತ ಲೆಕ್ಕ ಮಾಡಿ ನೋಡೋಣ. ಇದು ಉದಾಹರಣೆಗೆ ಹಾಕ್ಕೊಂಡ ಲೆಕ್ಕ. ಟಿಕೆಟ್ ಬೆಲೆ 150, ಜಿಎಸ್‌ಟಿ 18 ಪರ್ಸೆಂಟ್ ಅಂದ್ರೆ 27, ಪ್ರೇಕ್ಷಕ ಕೊಟ್ಟಿದ್ದು 177. (ಟಿಕೆಟ್ 100 ರೂಪಾಯಿ ಒಳಗೆ ಇದ್ರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಪರ್ಸೆಂಟ್, ಮುಂಚೆ 12 ಇತ್ತು. ಸಣ್ಣ ಊರಿನ ಸಿಂಗಲ್ ಸ್ಕ್ರೀನಿಗೆ ಇದು ನಿಜವಾಗಲೂ ಉಪಯೋಗ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ತಂದಿದ್ದೂ, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿದ್ದೂ ಆಯ್ತು.) ಒಂದು ವಾರಕ್ಕೆ ಮೈಸೂರಿನ ಮಲ್ಟಿಪ್ಲೆಕ್ಸಲ್ಲಿ ಸಾವಿರ ಟಿಕೆಟ್ ಹೋಯ್ತು ಅಂತ ಇಟ್ಕೊಳ್ಳಿ. ಜನ ಕೊಟ್ಟಿದ್ದು 1,77,000, ಪೇಪರಲ್ಲಿ ಪೋಸ್ಟರಲ್ಲಿ ‘ಗ್ರಾಸ್’ ಅಂತ ಬರೋದು ಇದು. ಟ್ಯಾಕ್ಸ್ ಹೋಗಿ 1,50,000 ನೆಟ್. ಮೊದಲ ವಾರ ಅರ್ಧ ಅರ್ಧ ಅಂದ್ರೆ ನಮ್ಮ ಕಡೆಗೆ 75,000, ಇದು ‘ಶೇರ್’. ಡಿಸ್ಟ್ರಿಬ್ಯೂಟರ್ ಕಮಿಷನ್ ಹತ್ತು ಪರ್ಸೆಂಟ್ ಹೋದ್ರೆ 67,500. ಡಿಜಿಟಲ್ ಚಾರ್ಜು, ಪೋಸ್ಟರು, ಆ ಊರಿನ ಪ್ರಚಾರ ಸೇರಿ 20,000 ಕಳೆದ್ರೆ ಉಳಿದಿದ್ದು 47,500. ಪೋಸ್ಟರಲ್ಲಿ 1,77,000, ನಿಮ್ಮ ಅಕೌಂಟಲ್ಲಿ 47,500. ಇನ್ನೂ ಬಡ್ಡಿ ಕಟ್ಟಿಲ್ಲ.

ಇದೂ ಮೊದಲ ವಾರದ ಕಥೆ. 2009ರಲ್ಲಿ ಹಿಂದಿ ಪ್ರೊಡ್ಯೂಸರ್‌ಗಳು ಎರಡು ತಿಂಗಳು ಮಲ್ಟಿಪ್ಲೆಕ್ಸ್‌ಗೆ ಸಿನಿಮಾ ಕೊಡದೆ ಜಗಳ ಆಡಿ ಪಡೆದಿದ್ದು ಮೊದಲ ವಾರ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30 ಪರ್ಸೆಂಟ್ ಅಂತ. ವಾರ ಹೋದ ಹಾಗೆ ಪ್ರೊಡ್ಯೂಸರ್ ಪಾಲು ಇಳೀತಾ ಹೋಗುತ್ತೆ. ದೊಡ್ಡ ಸ್ಟಾರ್ ಸಿನಿಮಾಗೆ ಮೊದಲ ಮೂರು ದಿನದಲ್ಲೇ ದುಡ್ಡು ಬರೋದ್ರಿಂದ ಪರವಾಗಿಲ್ಲ. ನಮ್ಮ ಥರದ ಸಿನಿಮಾ ಜನ ಬಾಯಿಂದ ಬಾಯಿಗೆ ಹೇಳಿ ಎರಡನೇ ವಾರ ತುಂಬೋ ಅಂಥದ್ದು, ಆ ಹೊತ್ತಿಗೆ ಪಾಲೂ ಕಮ್ಮಿ, ಶೋನೂ ಕಮ್ಮಿ. ವರ್ಷಕ್ಕೆ 200ಕ್ಕೂ ಮೇಲೆ ಕನ್ನಡ ಸಿನಿಮಾ ರಿಲೀಸ್ ಆಗೋ ಕಡೆ ಸೋಮವಾರ ಬೆಳಗ್ಗೆ ಶೋ ಎತ್ತಿಬಿಡೋದು ಯಾರಿಗೂ ದೊಡ್ಡ ವಿಷಯ ಅಲ್ಲ.

ಸಿಂಗಲ್ ಸ್ಕ್ರೀನ್ ಲೆಕ್ಕ ಇನ್ನೊಂದು ಥರ. ಅಲ್ಲಿ ಪರ್ಸೆಂಟೇಜ್ ಬದಲು ವಾರದ ಬಾಡಿಗೆ ಪದ್ಧತಿ ಬಹಳ ಕಡೆ ನಡೀತಿದೆ, ಇದು ಕರ್ನಾಟಕದಲ್ಲಿ ಪ್ರೊಡ್ಯೂಸರ್‌ಗಳಿಗೂ ಪ್ರದರ್ಶಕರಿಗೂ ಹಳೇ ತಕರಾರು. ವಾರಕ್ಕೆ ಒಂದು ಲಕ್ಷ ಬಾಡಿಗೆ ಮಾತಾಡಿದ್ರೆ, ಕಲೆಕ್ಷನ್ 80,000 ಬಂದ್ರೆ, ನೀವು ಸಿನಿಮಾನೂ ಕೊಟ್ಟು ಕೈಯಿಂದ 20,000ನೂ ಕೊಟ್ಟು ಬರಬೇಕು. ಜೋರು ಮಳೆಗೆ ಕರೆಂಟ್ ಹೋಗಿ ಶೋ ನಿಂತ್ರೂ ಬಾಡಿಗೆ ಬಾಡಿಗೆನೇ. ಥಿಯೇಟರ್ ಮಾಲೀಕರನ್ನ ಬೈಯೋದು ಸುಲಭ, ಆದ್ರೆ ಅವರಿಗೂ ಡೀಸೆಲ್ಲು, ಸಂಬಳ, ಪ್ರೊಜೆಕ್ಟರ್ ಕಂತು ಇರುತ್ತೆ, ಖಾಲಿ ಸೀಟಿನ ರಿಸ್ಕ್ ಯಾರು ಹೊರಬೇಕು ಅನ್ನೋದಷ್ಟೇ ಪ್ರಶ್ನೆ. ಈ ಪದ್ಧತಿಯಲ್ಲಿ ಅದನ್ನ ಹೊರೋನು ಪ್ರೊಡ್ಯೂಸರ್ರು. ಹಾಗಾಗಿ ಒಪ್ಪಂದ ಮಾಡುವಾಗ ಬಾಡಿಗೆನೋ ಪರ್ಸೆಂಟೇಜೋ ಅಂತ ಊರೂರಿಗೂ ಬೇರೆ ಬೇರೆ ಕೇಳಿ, ‘ಎಲ್ಲಾ ಸೇರಿ ನೋಡ್ಕೊಳ್ತೀನಿ ಬಿಡಿ’ ಅನ್ನೋ ಡಿಸ್ಟ್ರಿಬ್ಯೂಟರ್ ಹತ್ರ ದಿನದಿನದ ಡಿಸಿಆರ್, ಅಂದ್ರೆ ಆ ದಿನದ ಕಲೆಕ್ಷನ್ ರಿಪೋರ್ಟ್ ರಾತ್ರಿನೇ ಬರ್ಬೇಕು ಅಂತ ಬರೆಸ್ಕೊಳ್ಳಿ.

ರೀಲ್ ಡಬ್ಬ ಬಸ್ಸಲ್ಲಿ ಹೋಗ್ತಿದ್ದ ಕಾಲ ಮುಗೀತು. ಈಗ ಸಿನಿಮಾ ಡಿಸಿಪಿ ಅನ್ನೋ ಡಿಜಿಟಲ್ ಪ್ಯಾಕೇಜಲ್ಲಿ ಹೋಗುತ್ತೆ, ಕ್ಯೂಬ್, ಯುಎಫ್‌ಒ ಥರದ ಕಂಪನಿಗಳ ಮೂಲಕ. ಅದಕ್ಕೆ ಕೆಡಿಎಂ ಅಂತ ಒಂದು ಕೀ, ಇಂಥ ಥಿಯೇಟರ್‌ನ ಇಂಥ ಸರ್ವರ್‌ನಲ್ಲಿ ಇಂಥ ದಿನದಿಂದ ಇಂಥ ದಿನದ ತನಕ ಮಾತ್ರ ಓಪನ್ ಆಗುತ್ತೆ. ಕೀ ಕಳಿಸಿಲ್ಲ ಅಂದ್ರೆ ಸಿನಿಮಾ ಇದ್ರೂ ಶೋ ಇಲ್ಲ. ಚಿಕ್ಕ ಪ್ರೊಡ್ಯೂಸರ್‌ಗೆ ಇದರಿಂದ ಒಂದು ಅನುಕೂಲ ಇದೆ, ಕೀ ನಿಮ್ಮ ಮಾತಿಗೆ ಬರೋ ಹಾಗೆ ಒಪ್ಪಂದ ಇದ್ರೆ ಬಾಕಿ ಕೊಡದೆ ಇರೋ ಕಡೆ ಎರಡನೇ ವಾರದ ಕೀ ತಡೆ ಹಿಡೀಬಹುದು. ಆ ಕಂಪನಿಗಳಲ್ಲಿ ಡಿಸ್ಟ್ರಿಬ್ಯೂಟರ್ ಹೆಸರಲ್ಲಿ ಅಕೌಂಟ್ ಇದ್ರೆ ಆ ಹಿಡಿತ ಅವನದ್ದು.

ಈಗ ಕೊಡವ ತಕ್ಕ್, ಅಂದ್ರೆ ಕೊಡವ ಭಾಷೆ ಸಿನಿಮಾ ಲೆಕ್ಕ. 60 ಲಕ್ಷದಲ್ಲಿ ಒಂದು ಸಿನಿಮಾ ಮಾಡಿದ್ರಿ ಅಂತ ಇಟ್ಕೊಳ್ಳಿ. ಮೇಲಿನ ಲೆಕ್ಕದಲ್ಲಿ ಒಂದು ಟಿಕೆಟಿಗೆ ನಿಮಗೆ ಉಳಿಯೋದು 47 ರೂಪಾಯಿ 50 ಪೈಸೆ. ಬರೀ ಥಿಯೇಟರಿಂದ ಅಸಲು ತೆಗೀಬೇಕು ಅಂದ್ರೆ 1,26,000ಕ್ಕಿಂತ ಜಾಸ್ತಿ ಟಿಕೆಟ್ ಹೋಗ್ಬೇಕು. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಅಂತ ಬರೆಸಿದವರು 1,13,857. ತೊಟ್ಟಿಲ ಮಗು, ಹಾಸಿಗೆ ಹಿಡಿದ ಅಜ್ಜಿ ಎಲ್ಲರನ್ನೂ ಥಿಯೇಟರಿಗೆ ಕರ್ಕೊಂಡು ಬಂದ್ರೂ ಅಸಲು ಬರಲ್ಲ. ಇಡೀ ಜಿಲ್ಲೆ ಜನಸಂಖ್ಯೆನೇ ಆಗ ಐದೂವರೆ ಲಕ್ಷ. ಕೊಡವ ಭಾಷೆಯ ಮೊದಲ ಸಿನಿಮಾ 1972ರಲ್ಲೇ ಬಂದ್ರೂ ಇವತ್ತಿಗೂ ಅದೊಂದು ಇಂಡಸ್ಟ್ರಿ ಆಗಿ ನಿಂತಿಲ್ಲ, ಇಷ್ಟು ಸಣ್ಣ ಮಾರುಕಟ್ಟೆ ದೊಡ್ಡ ಕಾರಣ, ಪ್ರತಿಭೆ ಇಲ್ಲ ಅಂತ ಅಲ್ಲ. ಕೊಡಗು, ಸುಳ್ಯದ ಕಡೆ ಗೌಡರು ಆಡೋ ಅರೆಭಾಷೆ ಸಿನಿಮಾಗೂ ಇದೇ ಕಥೆ, ಸುಳ್ಯದ ಕಡೆ ಸ್ವಲ್ಪ ಜನ ಸೇರ್ತಾರೆ ಅಷ್ಟೆ.

ಹಾಗಾದ್ರೆ ಮಾಡೋದೇ ಬೇಡ್ವಾ? ಮಾಡ್ಬಹುದು, ಆದ್ರೆ ಲೆಕ್ಕ ತಿರುಗಿಸ್ಬೇಕು. ಮೊದಲು ಬಜೆಟ್ಟನ್ನ ಬರೋ ದುಡ್ಡಿಗೆ ತಕ್ಕ ಹಾಗೆ ಇಳಿಸೋದು, ಆಮೇಲೆ ಥಿಯೇಟರನ್ನೇ ನಂಬದೆ ಜನ ಸೇರೋ ಕಡೆ ಸಿನಿಮಾ ತಗೊಂಡೋಗೋದು. ಕೊಡವ ಸಮಾಜ, ಗೌಡ ಸಮಾಜಗಳಲ್ಲಿ ಹಾಲ್ ಇದೆ, ಊಟದ ವ್ಯವಸ್ಥೆ ಇದೆ, ಬೆಂಗಳೂರು ಮೈಸೂರಲ್ಲೂ ಸಮಾಜಗಳಿವೆ. ಒಂದು ಭಾನುವಾರ ಎರಡು ಶೋ, ಟಿಕೆಟ್ಟೋ ಡೊನೇಷನ್ ಪಾಸೋ, ಹಾಲ್ ಬಾಡಿಗೆ ಕಳೆದು ಉಳಿದಿದ್ದು ನಿಮ್ಮದು, ಮಧ್ಯೆ ನಿಂತೋರು ಕಮ್ಮಿ. ಇಲ್ಲಿ ಟಿಕೆಟಿಗೆ 47 ಅಲ್ಲ, ನೂರರ ಹತ್ರ ಉಳಿಯೋ ಸಾಧ್ಯತೆ ಇದೆ. ಆದ್ರೆ ಹೀಗೆ ತೋರಿಸೋದೂ ಸಾರ್ವಜನಿಕ ಪ್ರದರ್ಶನನೇ, ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಬೇಕು, ಜಾಗಕ್ಕೆ ಸ್ಥಳೀಯ ಅನುಮತಿನೂ ಬೇಕು. ‘ಸಮಾಜದೊಳಗೆ ತಾನೆ’ ಅಂತ ಅಸಡ್ಡೆ ಮಾಡ್ಬೇಡಿ.

ಟೈಮಿಂಗ್ ಬಗ್ಗೆ ಬೆಂಗಳೂರಿನೋರ ಕ್ಯಾಲೆಂಡರ್ ನಂಬ್ಬೇಡಿ. ಜೂನ್ ಜುಲೈ ಆಗಸ್ಟಲ್ಲಿ ಇಲ್ಲಿ ಸಂಜೆ ಮನೆಯಿಂದ ಹೊರಗೆ ಬರೋರು ಕಮ್ಮಿ. ಜನವರಿಯಿಂದ ಮಾರ್ಚ್ ರೊಬಸ್ಟಾ ಕೊಯ್ಲು, ತೋಟದೋರಿಗೂ ಕೆಲಸದೋರಿಗೂ ಪುರುಸೊತ್ತಿಲ್ಲ, ಮಕ್ಕಳಿಗೆ ಪರೀಕ್ಷೆ. ಏಪ್ರಿಲ್ ಮೇ ರಜಾ ಇದೆ, ದುಡ್ಡೂ ಕೈಯಲ್ಲಿ ಓಡಾಡ್ತಿರುತ್ತೆ, ಆದ್ರೆ ಮದುವೆ ಸೀಸನ್ನು, ಐಪಿಎಲ್ಲು, ಅದರ ಮೇಲೆ 1997ರಿಂದ ನಡೀತಿರೋ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಹಬ್ಬ. ಹಾಕಿ ಹಬ್ಬವನ್ನ ಎದುರಾಳಿ ಅಂತ ನೋಡೋರೇ ಜಾಸ್ತಿ, ನಾನಾಗಿದ್ರೆ ಗ್ರೌಂಡ್ ಪಕ್ಕದ ಊರಲ್ಲೇ ಸಂಜೆ ಶೋ ಇಡ್ತೀನಿ, ಅಷ್ಟು ಮನೆತನದೋರು ಒಂದೇ ಕಡೆ ಸೇರೋದು ವರ್ಷದಲ್ಲಿ ಇನ್ಯಾವಾಗ? ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ್ಮೇಲೆ ಡಿಸೆಂಬರಲ್ಲಿ ಸಿಗೋ ದಿನಗಳೂ ಪರವಾಗಿಲ್ಲ, ಕ್ರಿಸ್‌ಮಸ್‌ಗೆ ದೊಡ್ಡ ಸಿನಿಮಾಗಳು ಬರೋ ಮುಂಚೆ.

ಥಿಯೇಟರ್ ಬಿಟ್ಟು ಉಳಿದ ಹಕ್ಕುಗಳನ್ನ ಒಂದೊಂದಾಗಿ ಮಾರಬೇಕು, ನಾನು ಇಷ್ಟು ಬರೆದಿದ್ದೇ ಇದನ್ನ ಹೇಳೋಕೆ. ಸ್ಯಾಟಲೈಟ್, ಓಟಿಟಿ, ಆಡಿಯೋ, ಡಬ್ಬಿಂಗ್, ರೀಮೇಕ್, ವಿದೇಶ, ಎಲ್ಲ ಬೇರೆ ಬೇರೆ ವಸ್ತುಗಳು. ಒಬ್ಬ ಬಂದು ‘ಎಲ್ಲ ಸೇರಿಸಿ ಇಷ್ಟು ಕೊಡ್ತೀನಿ, ಪರ್ಪೆಚ್ಯುಯಲ್’ (ಶಾಶ್ವತವಾಗಿ) ಅಂದ್ರೆ ಆ ಕೊನೇ ಪದಕ್ಕೆ ಹೆದರಬೇಕು, 60 ವರ್ಷದ ಆಸ್ತಿನ ಒಂದೇ ಚೆಕ್ಕಿಗೆ ಬರ್ಕೊಟ್ಟ ಹಾಗೆ. ಅವಧಿ ಇಷ್ಟು ವರ್ಷ, ಭಾಷೆ ಇಂಥದ್ದು, ಪ್ರದೇಶ ಇಂಥದ್ದು, ಎಕ್ಸ್‌ಕ್ಲೂಸಿವ್ ಹೌದೋ ಅಲ್ವೋ ಅಂತ ನಾಲ್ಕನ್ನೂ ಬರೆಸಿ. ಒಪ್ಪಂದದಲ್ಲಿ ಹೆಸರು ಹೇಳಿ ಬರೆಯದೆ ಇರೋ ಹಕ್ಕು ಪ್ರೊಡ್ಯೂಸರ್ ಹತ್ರನೇ ಉಳಿಯುತ್ತೆ ಅಂತ ಒಂದು ಸಾಲು ಸೇರಿಸಿ, ನಾಳೆ ಬರೋ ಹೊಸ ತಂತ್ರಜ್ಞಾನ ಯಾರಿಗೆ ಗೊತ್ತು, 2005ರಲ್ಲಿ ಸಹಿ ಹಾಕಿದವರಿಗೆ ಓಟಿಟಿ ಗೊತ್ತಿತ್ತಾ?

ಓಟಿಟಿ ಬಗ್ಗೆ ಜನರಿಗೆ ಇನ್ನೂ 2020ರ ಗುಂಗು ಇದೆ. ಲಾಕ್‌ಡೌನ್ ಟೈಮಲ್ಲಿ ಕೊಂಡ್ಕೊಂಡ ಹಾಗೆ ಈಗ ಕೊಂಡ್ಕೊಳ್ಳಲ್ಲ, ಅದರಲ್ಲೂ ಕನ್ನಡಕ್ಕೆ. ಸ್ಟಾರ್ ಇಲ್ಲದ ಸಿನಿಮಾಗೆ ಮುಂಗಡ ದುಡ್ಡು ಸಿಗೋದು ಅಪರೂಪ, ನೋಡಿದ ನಿಮಿಷದ ಲೆಕ್ಕದಲ್ಲೋ ಬಾಡಿಗೆ ಲೆಕ್ಕದಲ್ಲೋ ಪಾಲು ಕೊಡ್ತೀವಿ ಅಂತಾರೆ, ಅದೂ ನೇರ ಅಲ್ಲ, ಅಗ್ರಿಗೇಟರ್ ಅನ್ನೋ ಮಧ್ಯವರ್ತಿ ಮೂಲಕ, ಅವನದ್ದೂ ಒಂದು ಪಾಲು. ರಾಜ್ಯ ಸರ್ಕಾರ 2025ರ ಬಜೆಟಲ್ಲಿ ಸಿನಿಮಾಗೆ ಉದ್ಯಮದ ಸ್ಥಾನ, ಕನ್ನಡಕ್ಕೆ ಸರ್ಕಾರದ್ದೇ ಓಟಿಟಿ ಅಂತ ಘೋಷಣೆ ಮಾಡಿದೆ, ಬಂದ್ರೆ ಒಳ್ಳೇದು, ಘೋಷಣೆ ನಂಬಿ ಬಜೆಟ್ ಹಾಕೋಕಾಗಲ್ಲ. ಸಬ್ಸಿಡಿನೂ ಹಾಗೇ. ಗುಣಮಟ್ಟದ ಸಿನಿಮಾ ಅಂತ ಸಮಿತಿ ಆರಿಸಿದ್ರೆ ಸಾಮಾನ್ಯವಾಗಿ 10 ಲಕ್ಷ ಬರುತ್ತೆ, ಕೊಡವ, ತುಳು, ಕೊಂಕಣಿ ಸಿನಿಮಾಗಳಿಗೂ ಅವಕಾಶ ಇದೆ, ಸಣ್ಣ ಸಿನಿಮಾಗೆ ಅದು ದೊಡ್ಡ ಮೊತ್ತ. ಆದ್ರೆ ಬರೋದು ಯಾವಾಗ ಅನ್ನೋದು ನಿಮ್ಮ ಕೈಯಲ್ಲಿಲ್ಲ, ಆ ದುಡ್ಡು ತೋರಿಸಿ ಮೂರು ರೂಪಾಯಿ ಬಡ್ಡಿಗೆ ಸಾಲ ಮಾಡಿದ್ರೆ ಸಬ್ಸಿಡಿ ಬರೋ ಹೊತ್ತಿಗೆ ಬಡ್ಡಿ ಅದನ್ನ ತಿಂದಿರುತ್ತೆ. ಅದು ಬಂದ್ರೆ ಮುಂದಿನ ಸಿನಿಮಾ ಸ್ಕ್ರಿಪ್ಟಿಗೆ ಅಂತ ಪಕ್ಕಕ್ಕಿಡಿ.

ಫೆಸ್ಟಿವಲ್ ವಿಷಯ ಸ್ವಲ್ಪ ನಿಧಾನವಾಗಿ ಯೋಚನೆ ಮಾಡ್ಬೇಕು. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ, ಗೋವಾದ ಇಫಿ (ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ), ಅದರ ಜೊತೆ ಕೇಂದ್ರ ಸರ್ಕಾರದ ಎನ್‌ಎಫ್‌ಡಿಸಿ ನಡೆಸೋ ಫಿಲ್ಮ್ ಬಜಾರ್ (2025ರಿಂದ ವೇವ್ಸ್ ಫಿಲ್ಮ್ ಬಜಾರ್), ಇವೆಲ್ಲ ಸಣ್ಣ ಭಾಷೆಯ ಸಿನಿಮಾಗೆ ನಿಜವಾದ ಮಾರುಕಟ್ಟೆ. ಕೊಡವ ಭಾಷೆ ಸಂವಿಧಾನದ ಎಂಟನೇ ಶೆಡ್ಯೂಲಲ್ಲಿ ಇಲ್ಲದಿದ್ರೂ ರಾಷ್ಟ್ರ ಪ್ರಶಸ್ತಿಯಲ್ಲಿ ಶೆಡ್ಯೂಲ್ ಹೊರಗಿನ ಭಾಷೆಗಳಿಗೆ ಜಾಗ ಇದೆ. ಹೊರಗಿನ ದೊಡ್ಡ ಉತ್ಸವಗಳು ‘ನಮ್ಮಲ್ಲೇ ಮೊದಲು ತೋರಿಸ್ಬೇಕು’ ಅನ್ನೋದ್ರಿಂದ ಊರಲ್ಲಿ ಖುಷಿಗೆ ಪ್ರೀಮಿಯರ್ ಮಾಡಿ, ಯೂಟ್ಯೂಬಲ್ಲಿ ಹಾಕಿ, ಆಮೇಲೆ ಅಪ್ಲೈ ಮಾಡಿದ್ರೆ ಬಾಗಿಲು ಮುಚ್ಚಿರುತ್ತೆ. ಆ ಕ್ರಮ ತಪ್ಪಿದ್ರೆ ಸರಿ ಮಾಡೋಕಾಗಲ್ಲ.

ಪ್ರೊಡಕ್ಷನ್‌ಗಿಂತ ಡಿಸ್ಟ್ರಿಬ್ಯೂಷನ್ನೇ ಇಲ್ಲಿಂದ ಮಾಡೋಕೆ ಸುಲಭ ಅನ್ನೋದು ನನ್ನ ಅಭಿಪ್ರಾಯ, ಒಪ್ಪದೆ ಇರೋರು ಇರ್ಬಹುದು. ಬೇರೆಯವರ ಒಳ್ಳೆ ಸಣ್ಣ ಸಿನಿಮಾನ ಕೊಡಗಿಗೆ ಮಾತ್ರ ಕಮಿಷನ್ ಮೇಲೆ ತಗೊಳ್ಳೋದು. ಮೈಸೂರಿನ ಡಿಸ್ಟ್ರಿಬ್ಯೂಟರ್‌ಗೆ ಈ ಜಿಲ್ಲೆ ತಲೆನೋವು, ಆದಾಯ ಕಮ್ಮಿ, ಓಡಾಟ ಜಾಸ್ತಿ, ಮಡಿಕೇರಿಯಿಂದ ಮೈಸೂರೇ 120 ಕಿಲೋಮೀಟರ್. ನೀವು ಇಲ್ಲೇ ಇದ್ದು ಸುಂಟಿಕೊಪ್ಪ, ನಾಪೋಕ್ಲು, ಶನಿವಾರಸಂತೆ ತನಕ ಶಾಲೆ, ಕಾಲೇಜು, ಸಂಘಗಳ ಜೊತೆ ಮಾತಾಡಿ ಶೋ ಮಾಡಿಸ್ತೀನಿ, ದಿನಾ ರಾತ್ರಿ ಲೆಕ್ಕ ಕಳಿಸ್ತೀನಿ ಅಂದ್ರೆ ಅವನು ಬೇಡ ಅನ್ನಲ್ಲ. ಮೊದಮೊದಲು ಪೆಟ್ರೋಲಿಗೂ ಸಾಲದೆ ಇರ್ಬಹುದು. ಆದ್ರೆ ಎರಡು ವರ್ಷದಲ್ಲಿ ಯಾವ ಊರಲ್ಲಿ ಯಾವ ಸಿನಿಮಾಗೆ ಎಷ್ಟು ಜನ ಅಂತ ನಿಮ್ಮ ಹತ್ರ ಇರೋ ಪುಸ್ತಕ ಇನ್ಯಾರ ಹತ್ರನೂ ಇರಲ್ಲ, ನಾಳೆ ನಿಮ್ಮದೇ ಸಿನಿಮಾಗೆ ಬಜೆಟ್ ಹಾಕುವಾಗ ಆ ಪುಸ್ತಕ ನೋಡಿ ಹಾಕ್ತೀರಿ. ಲೆಕ್ಕ ಸರಿಯಾಗಿ ಕೊಡೋ ಡಿಸ್ಟ್ರಿಬ್ಯೂಟರ್ ಅನ್ನೋ ಹೆಸರು ಬಂದ್ರೆ ಸಿನಿಮಾಗಳು ತಾವೇ ಹುಡುಕ್ಕೊಂಡು ಬರುತ್ತೆ, ಅಷ್ಟು ಅಪರೂಪ ಅದು.

ಪೈರಸಿ ಬಗ್ಗೆ ಹೆಚ್ಚು ಹೇಳಲ್ಲ. 2023ರ ತಿದ್ದುಪಡಿಯಲ್ಲಿ ಮೂರು ತಿಂಗಳಿಂದ ಮೂರು ವರ್ಷ ಜೈಲು, ಮೂರು ಲಕ್ಷದಿಂದ ಶುರುವಾಗಿ ಸಿನಿಮಾ ಖರ್ಚಿನ 5 ಪರ್ಸೆಂಟ್ ತನಕ ದಂಡ ಅಂತ ಇದೆ. ಆದ್ರೆ ಟೆಲಿಗ್ರಾಂ ಲಿಂಕ್ ಕಳಿಸೋನು ನಿಮ್ಮ ನೆಂಟನೇ ಆಗಿರ್ತಾನೆ, ‘ನೋಡಿದೆ ಮಾರಾಯ, ಚೆನ್ನಾಗಿದೆ’ ಅಂತ ಮೆಸೇಜೂ ಹಾಕ್ತಾನೆ.

ಮತ್ತೆ ಮಾಸ್ಟರ್ ಕಾಪಿ. ಓಟಿಟಿ ಒಪ್ಪಂದ ಐದು ವರ್ಷಕ್ಕೆ ಮುಗಿದು ಹಕ್ಕು ವಾಪಸ್ ಬಂದಾಗ ಮಾರೋಕೆ ಸಿನಿಮಾ ನಿಮ್ಮ ಹತ್ರ ಇರಬೇಕಲ್ವಾ. ಎಡಿಟರ್ ಹತ್ರ ಇದೆ, ಸ್ಟುಡಿಯೋ ಹತ್ರ ಇದೆ ಅಂತ ಬಿಟ್ಟೋರು ಆಮೇಲೆ ಯೂಟ್ಯೂಬಿಂದ ತಮ್ಮದೇ ಸಿನಿಮಾ ಡೌನ್‌ಲೋಡ್ ಮಾಡೋ ಪರಿಸ್ಥಿತಿ ಆಗುತ್ತೆ. ಡಿಸಿಪಿ, ಹೆಸರು ಅಕ್ಷರ ಏನೂ ಇಲ್ಲದ ಕ್ಲೀನ್ ವಿಡಿಯೋ, ಮಾತು ಬಿಟ್ಟು ಬರೀ ಸಂಗೀತ ಮತ್ತು ಸದ್ದು ಇರೋ ಟ್ರ್ಯಾಕ್ (ಡಬ್ಬಿಂಗ್ ಹಕ್ಕು ಮಾರೋಕೆ ಇದಿಲ್ದೆ ಆಗಲ್ಲ), ಸಬ್‌ಟೈಟಲ್ ಫೈಲು, ಸೆನ್ಸಾರ್ ಸರ್ಟಿಫಿಕೇಟು, ಎಲ್ಲರ ಅಗ್ರಿಮೆಂಟ್ ಸ್ಕ್ಯಾನು, ಇಷ್ಟನ್ನೂ ಎರಡು ಬೇರೆ ಹಾರ್ಡ್‌ಡಿಸ್ಕಲ್ಲಿ ಹಾಕಿ, ಒಂದನ್ನ ಇಲ್ಲಿ ಇಟ್ಕೊಂಡ್ರೂ ಇನ್ನೊಂದನ್ನ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಡಿ. ನಮ್ಮ ಮಳೆಗಾಲದಲ್ಲಿ ಬೀರುವಿನ ಒಳಗಿರೋ ಬೆಲ್ಟಿಗೇ ಬೂಷ್ಟು ಬರುತ್ತೆ, ಹಾರ್ಡ್‌ಡಿಸ್ಕನ್ನ ವರ್ಷಕ್ಕೊಂದು ಸಲ ಹಾಕಿ ಓಪನ್ ಆಗುತ್ತಾ ಅಂತ ನೋಡ್ತಾ ಇರಬೇಕು, ಐದಾರು ವರ್ಷಕ್ಕೆ ಹೊಸದಕ್ಕೆ ಕಾಪಿ ಮಾಡ್ತಾ ಇರಬೇಕು.